ಬಾಡಿಗೆಯ ವಿಳಾಸ

ಪಟವಾರಿಯ ಕೈಬರಹದ ಪಹಣಿ ಕಂಡು ಬೆಳೆದವನು ನಾನು. ‘ಭೂಮಿ’ ಯೋಜನೆ ಬಂದು 2002ರ ಹೊತ್ತಿಗೆ ಗಣಕಯಂತ್ರದ ಪಹಣಿಯೇ ಸಿಂಧುವಾಯಿತು. ಆಗ ಶುಲ್ಕ 15 ರೂಪಾಯಿ.

2011ರ ಜೂನ್‌ನಲ್ಲಿ ಕಮಠಾಣದ ಹೊಲದ ಪಹಣಿಗೆಂದು ಕಚೇರಿಯೊಂದಕ್ಕೆ ಹೋಗಿದ್ದೆ. ಬೆಳೆಸಾಲದ ಅರ್ಜಿಗೆ ಅಂದೇ ಕಡೆಯ ದಿನ. ವಿದ್ಯುತ್ ಹೋಗಿ ಬಂದಿತ್ತು. ಪ್ರಿಂಟರ್ ಮಾತ್ರ ಮೌನ.

ಜಾಲದಲ್ಲಿ ಪ್ರತಿ ಯಂತ್ರಕ್ಕೂ ಐಪಿ ವಿಳಾಸವೊಂದು ಬೇಕು. 1993ರಲ್ಲಿ ರೂಪುಗೊಂಡ ಡಿಎಚ್‌ಸಿಪಿ ಪದ್ಧತಿ ಅದನ್ನು ತಾನೇ ಹಂಚುತ್ತದೆ, ಆದರೆ ಬಾಡಿಗೆಯಂತೆ, ಗೊತ್ತಾದ ಅವಧಿಗಷ್ಟೇ. ಪ್ರಿಂಟರಿಗೆ ಹೊಸ ವಿಳಾಸ ಸಿಕ್ಕಿತ್ತು. ಗಣಕಯಂತ್ರಗಳು ಹಳೆಯದಕ್ಕೇ ಪಹಣಿ ಕಳುಹುತ್ತಿದ್ದವು. (ವರ್ಗವಾದ ಮೇಷ್ಟರಿಗೆ ಹಳೆಯ ಊರಿಗೇ ಬರುವ ಪತ್ರಗಳಂತೆ!)

ಅಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿ, ಹಂಚಿಕೆಯ ಸಾಲಿನ ಹೊರಗಿನ 192.168.1.200 ಎಂಬುದನ್ನು ಪ್ರಿಂಟರಿನಲ್ಲೇ ಸ್ಥಿರವಾಗಿ ನಮೂದಿಸಿ, ಗಣಕಯಂತ್ರಗಳಿಗೂ ಅದನ್ನೇ ತಿಳಿಸಿದಳು. ನನ್ನ ಹಿಂದೆ ನಿಂತಿದ್ದ ಹನ್ನೊಂದು ರೈತರಿಗೂ ಸಂಜೆಯೊಳಗೆ ಪಹಣಿ ದೊರೆಯಿತು.