ಹಿಟ್ಟುಂಡ್ಯಾ? ತಿಂಡಿ ಆಯ್ತಾ? — ನಮ್ಮ ಕಡೆ ಹೊತ್ತಾರೆ ಊಟದ ಕತೆ

ಅಕ್ಕದೀರ, ಅತ್ತಿಗೆದೀರ, ಚಿಕ್ಕವ್ವದೀರ, ಈ ಸಾರಿ ಹೊತ್ತಾರೆ ತಿಂಡಿ ವಿಚಾರ. ಎದ್ದು ಮಕ ತೊಳೆಯೋಕೂ ಮುಂಚೆ ನಮ್ಮ ತಲೇಲಿ ಕುಂತಿರೋ ಪ್ರಶ್ನೆ ಇದೇ ತಾನೆ? "ಇವತ್ತು ಏನ್ ತಿಂಡಿ?" ಮಕ್ಕಳು ಕೇಳ್ತವೆ, ಮಕ್ಕಳ ಅಪ್ಪ ಕೇಳ್ತಾರೆ, ಪಕ್ಕದ ಮನೆಯೋರೂ ಕಾಂಪೌಂಡ್ ಮೇಲಿಂದ ಕೇಳ್ತಾರೆ. ಆದ್ರೆ ಈ ಪ್ರಶ್ನೆಗೆ ಬಾಳ ವಯಸ್ಸಾಗಿಲ್ಲ ಕಣ್ರವ್ವ. ನಮ್ಮ ಅಜ್ಜೀರ ಕಾಲದಲ್ಲಿ ನಿಡಘಟ್ಟದ ಸುತ್ತಮುತ್ತ ತಿಂಡಿ ಅಂದ್ರೆ ಹಬ್ಬಕ್ಕೋ ಜಾತ್ರೆಗೋ ಮಾಡೋ ಕಜ್ಜಾಯ, ಚಕ್ಕುಲಿ, ಕೋಡುಬಳೆ. ಹೊತ್ತಾರೆ ಹೊಟ್ಟೆಗೆ ಬೀಳ್ತಿದ್ದುದು ಹಿಟ್ಟು, ಇಲ್ಲಾಂದ್ರೆ ಅಂಬ್ಲಿ. ಈಗಲೂ ನಮ್ಮ ಕಡೆ ಹಳಬರು "ಹಿಟ್ಟುಂಡ್ಯಾ?" ಅಂತಲೇ ಮಾತಾಡಿಸೋದು. ಹಿಟ್ಟು ಅಂದ್ರೆ ಮುದ್ದೆ, ಮುದ್ದೆ ಅಂದ್ರೆ ಊಟ. ಆ ಮಾತಿಂದ ಈ ಮಾತಿಗೆ ನಾವು ಹೆಂಗೆ ಬಂದ್ವಿ ಅನ್ನೋದೇ ಈ ಕತೆ.

ಮೊದಲು ತಂಗಳಿಂದಲೇ ಶುರು ಮಾಡಣ. ರಾತ್ರಿ ಉಳಿದ ಮುದ್ದೇನ ನೀರಲ್ಲಿ ಹಾಕಿಟ್ಟು, ಹೊತ್ತಾರೆ ಗಟ್ಟಿ ಮಜ್ಜಿಗೆ ಬಿಟ್ಟು ಕಿವುಚಿ, ಒಸಿ ಉಪ್ಪು ಹಾಕಿ, ಜೊತೆಗೆ ಒಂದು ಹಸಿ ಈರುಳ್ಳಿ, ಒಂದು ಹಸಿಮೆಣಸಿನಕಾಯಿ. ಅಂಬ್ಲಿ ಆದ್ರೆ ರಾಗಿ ಹಿಟ್ಟನ್ನ ಹಿಂದಿನ ದಿನವೇ ಕಲಸಿ ಹುಳಿಯೋಕೆ ಬಿಟ್ಟು, ಮಾರನೇ ದಿನ ಕಾಯಿಸಿ ಆರಿಸಿ ಮಜ್ಜಿಗೆ ಹಾಕೋದು. ಬೇಸಿಗೇಲಿ ಮಡಕೆಯಿಂದ ಒಂದು ಲೋಟ ಅಂಬ್ಲಿ ಬಗ್ಗಿಸಿಕೊಂಡು ಕುಡಿದ್ರೆ ಎದೆಯಿಂದ ಹೊಟ್ಟೇವರೆಗೂ ತಣ್ಣಗೆ ಇಳಿಯೋದು ಗೊತ್ತಾಯ್ತದೆ. ಚಳಿಗಾಲದಲ್ಲಿ ರಾಗಿ ರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ, ಮನೇಲಿ ಎಮ್ಮೆ ಇದ್ರೆ ಒಂದು ಉಂಡೆ ಬೆಣ್ಣೆ. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಕರಗಿ ಅಂಗೈಗೆ ಇಳಿಯೋ ಸುಖಕ್ಕೆ ಸಮ ಯಾವುದದೆ ಹೇಳಿ?

ಇದೇನು ಬಡತನದ ಕತೆ ಅಂತ ಮಾತ್ರ ತಿಳ್ಕೋಬೇಡಿ. ಟಿಪ್ಪು ಸತ್ತ ಮಾರನೇ ವರ್ಷ, ಅಂದ್ರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ಡಾಕ್ಟ್ರು ಬೆಂಗಳೂರಿಂದ ಶ್ರೀರಂಗಪಟ್ಟಣದ ಕಡೆಗೆಲ್ಲ ಓಡಾಡಿ ನಮ್ಮ ಸೀಮೆ ಬೇಸಾಯದ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಬೆದ್ದಲು ಭೂಮೀಲಿ ರಾಗಿಯೇ ಎಲ್ಲಕ್ಕಿಂತ ಮುಖ್ಯವಾದ ಬೆಳೆ, ದುಡಿಯೋ ಜನವೆಲ್ಲ ಉಣ್ಣೋದು ಅದನ್ನೇ ಅಂತ ಅವನೂ ಬರೆದವ್ನೆ. ರಾಗಿಗೆ ಕೆರೆ ನೀರು ಬೇಡ, ಮಳೆ ಸಾಕು. ಹಗೇವಿಗೆ ಹಾಕಿ ಮುಚ್ಚಿದ್ರೆ ವರ್ಷಗಟ್ಟಲೆ ಹುಳ ಬೀಳದೆ ಇರ್ತದೆ. ಬರ ಬಂದ ವರ್ಷ ಜನ ಬದುಕಿದ್ದು ಹಗೇವು ತೆಗೆದು.

ಆದ್ರೆ ಆ ಮುದ್ದೆ, ಅಂಬ್ಲಿ ಹಿಂದೆ ಒಂದು ಶಬ್ದ ಇತ್ತು. ಕೋಳಿ ಕೂಗೋಕೆ ಮುಂಚೆ ರಾಗಿ ಕಲ್ಲಿನ ಶಬ್ದ. ಮನೆಮಂದಿಗೆಲ್ಲ ಆಗೋಷ್ಟು ರಾಗಿ ಬೀಸಿ, ಆಮೇಲೆ ಕಸ ಮುಸುರೆ, ಆಮೇಲೆ ನೀರು. ಅತ್ತೆ ಸೊಸೆ, ಇಲ್ಲ ಅಕ್ಕ ತಂಗಿ, ಎದುರುಬದುರು ಕುಂತು ಗೂಟ ಹಿಡಿದು ಬೀಸೋರು. ನಮ್ಮ ಜನಪದದೋರು ಊರೂರು ತಿರುಗಿ ಬರ್ಕೊಂಡಿರೋ ತ್ರಿಪದಿಗಳಲ್ಲಿ ಎಷ್ಟೋ ಪದ ಹುಟ್ಟಿದ್ದು ಈ ಕಲ್ಲಿನ ಮುಂದೆ. ಪದಗಳು ಚೆನ್ನಾಗವೆ, ಸರಿ. ಆದ್ರೆ ನಿದ್ದೆ ಬರದೇ ಇರ್ಲಿ, ರಟ್ಟೆ ನೋವು ಮರೀಲಿ ಅಂತ ಹಾಡಿದ್ದು ಅವು ಅನ್ನೋದನ್ನೂ ನೆನಪಲ್ಲಿ ಇಟ್ಕೋಬೇಕು.

ಇಲ್ಲೊಂದು ವಿಚಿತ್ರ ನೋಡಿ. ನಮ್ಮ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ನೀರಿಂದ ಕರೆಂಟ್ ತೆಗೆದ್ರು. ಅದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರು ಬೀದಿಗೆ ದೀಪ ಬಂತು. ಪಕ್ಕದಲ್ಲೇ ಇದ್ದ ನಮ್ಮ ಹಳ್ಳಿಗಳ ಹೆಂಗಸ್ರು ಮಾತ್ರ ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿ ಬೆಳಕಲ್ಲಿ ರಾಗಿ ಬೀಸ್ತಾನೇ ಇದ್ರು. ಊರಿಗೆ ಕರೆಂಟ್ ಬಂದು ಹಿಟ್ಟಿನ ಮಿಲ್ಲು ಕುಂತ ಮೇಲೆ ಆ ಕಲ್ಲಿನ ಶಬ್ದ ನಿಂತಿತು. ಗಂಡಸ್ರು ಆ ಮಿಲ್ಲನ್ನ ಲೆಕ್ಕಕ್ಕೇ ತಗೊಳಲ್ಲ. ನನ್ನ ಕೇಳಿದ್ರೆ ನಮ್ಮ ಕಡೆ ಹೆಂಗಸ್ರ ಬದುಕಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಕಮ್ಮಿ.

ಇನ್ನು ಇಡ್ಲಿ. ಇಡ್ಲಿ ಹೊಸದಲ್ಲ, ಬಾಳ ಹಳೇದು. ಸುಮಾರು 920ರ ಹೊತ್ತಿನ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಅಂತ ಹೆಸರು ಬತ್ತದೆ. ನೂರು ವರ್ಷ ಆದ ಮೇಲೆ ಎರಡನೇ ಚಾವುಂಡರಾಯ ಲೋಕೋಪಕಾರದಲ್ಲಿ ಉದ್ದಿನಬೇಳೇನ ಮಜ್ಜಿಗೇಲಿ ನೆನೆಸಿ ರುಬ್ಬೋ ಕ್ರಮ ಹೇಳವ್ನೆ. ಅದಕ್ಕೂ ನೂರು ವರ್ಷ ಈಚೆಗೆ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಲಿ, ದೋಸೆ, ವಡೆ ಮೂರರ ಮಾತೂ ಅದೆ. ಅಂದ್ರೆ ಸಾವಿರ ವರ್ಷದ ಹಿಂದೆಯೇ ಕನ್ನಡದೋರು ಇಡ್ಲಿ ತಿಂತಿದ್ರು ಅಂತ ನಾವು ಎದೆ ಉಬ್ಬಿಸ್ಕೋಬಹುದು. ಆದ್ರೆ ಯಾವ ಕನ್ನಡದೋರು? ಅರಮನೇಲಿ, ಮಠದಲ್ಲಿ, ಅನುಕೂಲಸ್ಥರ ಮನೇಲಿ ತಿಂತಿದ್ರು. ಪುಸ್ತಕದಲ್ಲಿ ಇದ್ದದ್ದೆಲ್ಲ ನಮ್ಮ ಅಟ್ಟಿ ಒಲೆ ಮೇಲೆ ಇರಲಿಲ್ಲ. ಬೆದ್ದಲು ಜಮೀನಿನ ಮನೇಲಿ ಅಕ್ಕಿ ಅಂದ್ರೆ ಹಬ್ಬ, ನೆಂಟ್ರು, ಬಾಣಂತಿ, ಜ್ವರದೋರು. ಇಡ್ಲಿ ದೋಸೆ ವರ್ಷಕ್ಕೆ ನಾಕೈದು ಸಾರಿ. ಹಬ್ಬದ ಹಿಂದಿನ ರಾತ್ರಿ ಒರಳಲ್ಲಿ ರುಬ್ಬೋ ಶಬ್ದ ಕೇಳಿದ್ರೆ ಮಕ್ಕಳಿಗೆ ನಿದ್ದೇನೇ ಬತ್ತಿರಲಿಲ್ಲವಂತೆ. ವರ್ಷಕ್ಕೆ ನಾಕು ಸಾರಿ ತಿಂದೋರಿಗೆ ಆ ಇಡ್ಲಿ ರುಚಿ ಎಷ್ಟಿರಬೇಕು! ದಿನಾ ತಿನ್ನೋ ನಮಗೆ ಅದು ಸಿಗಾಕಿಲ್ಲ.

ಅಂಗಡಿ ತಿಂಡಿ ನಮ್ಮ ಕಡೆಗೆ ಬಂದಿದ್ದು ರೈಲು ಹತ್ತಿ. 1876ರಿಂದ 78ರವರೆಗೆ ದೊಡ್ಡ ಬರ ಬಿತ್ತಲ್ಲ, ಹಳಬರು ಧಾತು ಈಶ್ವರ ಬರ ಅಂತಿದ್ರು, ಆ ಬರದಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ ಶುರು ಮಾಡಿದ ಕೆಲಸ ಬೆಂಗಳೂರು ಮೈಸೂರು ರೈಲು ದಾರಿ. 1880ರ ದಶಕದ ಶುರುವಿನಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ ರೈಲು ಮೈಸೂರು ಮುಟ್ಟಿತು. ಹಸಿದೋರು ಹಾಕಿದ ಆ ಹಳಿ ಮೇಲೆಯೇ ಮುಂದೆ ಮದ್ದೂರು ವಡೆ ಹುಟ್ಟಿದ್ದು. 1917ರಲ್ಲಿ ಮದ್ದೂರು ಸ್ಟೇಷನ್ನಲ್ಲಿ ರಾಮಚಂದ್ರ ಬುಧ್ಯ ಅನ್ನೋರು ಇಡ್ಲಿ ಪಕೋಡ ಮಾರ್ತಿದ್ರಂತೆ. ಒಂದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಡ್ತು, ಉಂಡೆ ಬೇಯೋಷ್ಟು ಹೊತ್ತಿಲ್ಲ, ಹಿಟ್ಟನ್ನ ಅಂಗೈಲಿ ತಟ್ಟಿ ಎಣ್ಣೆಗೆ ಬಿಟ್ರು ಅಂತ ಕತೆ. ಕತೆ ಎಲ್ಲರ ಬಾಯಲ್ಲೂ ಅದೆ. ಚಿರೋಟಿ ರವೆ, ಮೈದಾ, ಅಕ್ಕಿ ಹಿಟ್ಟು, ಧಾರಾಳವಾಗಿ ಈರುಳ್ಳಿ, ಕರಿಬೇವು. ನೀರು ಕಮ್ಮಿ, ತಟ್ಟೋದು ತೆಳ್ಳಗೆ. ಉದ್ದು ರುಬ್ಬೋ ಹಂಗಿಲ್ಲ, ಎರಡು ದಿನ ಇಟ್ರೂ ಕೆಡಾಕಿಲ್ಲ. ಅವಸರದಲ್ಲಿ ಹುಟ್ಟಿದ್ದು, ಪ್ರಯಾಣಕ್ಕೆ ಹೇಳಿ ಮಾಡಿಸಿದಂಗದೆ.

ಅಕ್ಕಿ ನಮ್ಮ ಒಲೆಗೆ ದಿನಾ ಬಂದಿದ್ದು ನಾಲೆ ಬಂದ ಮೇಲೆ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು 1930ರ ದಶಕದ ಮೊದಲಲ್ಲಿ. ಆಗ ಇರ್ವಿನ್ ನಾಲೆ ಅಂತಿದ್ದದ್ದೇ ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಫ್ಯಾಕ್ಟ್ರಿ ಬಂತು, 1939ರಲ್ಲಿ ಮಂಡ್ಯವೇ ಜಿಲ್ಲೆ ಆಯ್ತು. ನೀರು ಹರಿದ ಕಡೆ ಭತ್ತ, ಕಬ್ಬು. ಕಬ್ಬಿನ ದುಡ್ಡು ಕೈಗೆ ಬಂದ ಮನೇಲಿ ಕಾಫಿ ಪುಡಿ, ಸಕ್ಕರೆ, ರವೆ. ನಿಡಘಟ್ಟದಂಗೆ ಅಂಚಿನಲ್ಲಿರೋ ಊರುಗಳಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟವೂ ಉಳ್ಕೊಂಡವು.

ಎಲ್ಲಾರೂ ಭತ್ತದ ಹಿಂದೆ ಓಡ್ತಿರುವಾಗ ರಾಗಿ ಕೈ ಬಿಡದೆ ಇದ್ದ ಒಬ್ಬ ಮಹಾನುಭಾವರ ಹೆಸರು ಹೇಳಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯೋದು. ರಾಗಿ ಹೂವು ಬಾಳ ಸಣ್ಣದು, ಒಂದಕ್ಕೊಂದು ಕೂಡಿಸೋದು ಕಷ್ಟದ ಕೆಲಸ. ಅದನ್ನ ಸಾಧಿಸಿ, ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನ ಮಾಡಿದ್ರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಸೇರಿ ಇಂಡಾಫ್. ಎಕರೆಗೆ ಇಳುವರಿ ಬಾಳ ಹೆಚ್ಚಾಯ್ತು. ಇವತ್ತು ಬೆಳಿಗ್ಗೆ ನಮ್ಮ ತಟ್ಟೇಲಿ ರಾಗಿ ರೊಟ್ಟಿ ಬಿದ್ದದ್ದೆ ಅಂದ್ರೆ ಅದರಲ್ಲಿ ಅವರ ಋಣವೂ ಅದೆ.

ಉಪ್ಪಿಟ್ಟಿಗೆ ಬೇರೆ ಕತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರೇಷನ್ ಆದಾಗ ಬೆಂಗಳೂರಿನ ಎಂ.ಟಿ.ಆರ್. ಹೋಟ್ಲಲ್ಲಿ ರವೆ ಇಡ್ಲಿ ಶುರು ಮಾಡಿದ್ರು ಅಂತ ಅವರೇ ಹೇಳ್ಕೊಳ್ತಾರೆ. ನಮ್ಮಂಥ ಹಳ್ಳಿ ಮಕ್ಕಳಿಗೆ ಉಪ್ಪಿಟ್ಟು ಸಿಕ್ಕಿದ್ದು ಸ್ಕೂಲಲ್ಲಿ. ಅಮೆರಿಕದಿಂದ ಕೇರ್ ಸಂಸ್ಥೆ ಮೂಲಕ ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆ ಬತ್ತಿದ್ದ ಕಾಲ ಅದು. ಹೊತ್ತಾರೆ ಅಂಬ್ಲಿ ಕುಡಿದೋ ಕುಡೀದೆಯೋ ಸ್ಕೂಲಿಗೆ ಹೋದ ಎಷ್ಟೋ ಹೆಣ್ಣು ಮಕ್ಕಳು ಆ ಉಪ್ಪಿಟ್ಟಿನ ಆಸೆಗೇ ಪಾಠ ಕಲ್ತವ್ರೆ. ಇವತ್ತು ಉಪ್ಪಿಟ್ಟು ಅಂದ್ರೆ ಮೂಗು ಮುರಿಯೋ ಮಕ್ಕಳಿಗೆ ಇದನ್ನ ಒಂದ್ಸಾರಿ ಹೇಳಿ.

ಇಡ್ಲಿ ದೋಸೆ ದಿನದ ಮಾತಾಗಿದ್ದು ಮಿಕ್ಸಿ, ಗ್ರೈಂಡರ್, ಗ್ಯಾಸ್ ಬಂದ ಮೇಲೆ. ಕೆಲಸ ಹಗುರ ಆಯ್ತು, ನಿಜ. ಆದ್ರೆ ಲೆಕ್ಕ ಹಾಕಿ ನೋಡಿ. ಹಿಂದೆ ಹೊತ್ತಾರೆಗೆ ಬೇರೆ ಅಡುಗೆಯೇ ಇರಲಿಲ್ಲ, ರಾತ್ರಿದೇ ತಂಗಳು. ಈಗ ಹೊತ್ತಾರೆಗೆ ಒಂದು ತಿಂಡಿ, ಅದಕ್ಕೊಂದು ಚಟ್ನಿ, ಡಬ್ಬಿಗೆ ಚಿತ್ರಾನ್ನವೋ ಪಲಾವೋ, ಮಧ್ಯಾಹ್ನಕ್ಕೆ ಮುದ್ದೆ ಉಪ್ಸಾರು. ಮೆಷಿನ್ನು ಉಳಿಸಿಕೊಟ್ಟ ಹೊತ್ತನ್ನ ಹೊಸ ತಿಂಡಿ ತಿಂದು ಹಾಕ್ತು.

ಇನ್ನೊಂದು ಲೆಕ್ಕವನ್ನೂ ಬಿಡಂಗಿಲ್ಲ. ಯಾರು ಯಾವಾಗ ಉಂಡ್ರು? ಹೊಲಕ್ಕೆ ಹೋಗೋ ಗಂಡಸ್ರು ಮೊದಲು, ಆಮೇಲೆ ಮಕ್ಕಳು, ಆಮೇಲೆ ಅತ್ತೆ ಮಾವ. ರೇಷ್ಮೆ ಮನೆ ಆದ್ರೆ ಹುಳಕ್ಕೂ ಸೊಪ್ಪು ಮೊದಲೇ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು, ಸೊಸೆಗೆ ಹೊತ್ತಿಗೆ ಸರಿಯಾಗಿ ಹಿಟ್ಟು ಬೀಳಲಿ ಅಂತ ಯಾರೂ ಗಡಿಯಾರ ನೋಡ್ತಿರಲಿಲ್ಲ. ಎಮ್ಮೆ ಹಾಲು ಡೈರಿಗೆ ಹೋಯ್ತದೆ, ಲೋಟದ ತಳದ ಟೀ ನಮಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸ್ರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಅದೆ. ಇದಕ್ಕೆ ಕಾರಣ ಹಲವು, ಆದ್ರೆ ಹತ್ತೂವರೆಗೆ ಆರಿದ ದೋಸೆ ತುಂಡನ್ನ ನಿಂತ್ಕೊಂಡೇ ಟೀಲಿ ಅದ್ದಿ ತಿನ್ನೋದೂ ಅದಕ್ಕೆ ಒಳ್ಳೇದು ಮಾಡಾಕಿಲ್ಲ. ಊಟದ ಜೊತೆಗೇ ಟೀ ಕುಡಿದ್ರೆ ತಿಂದಿದ್ದರಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋದು ಕಮ್ಮಿ ಆಯ್ತದೆ.

ಈಗ ರಸ್ತೆ ಮಾತು. ಬೆಂಗಳೂರು ಮೈಸೂರು ಹೊಸ ಹೆದ್ದಾರೀನ ಎರಡು ಭಾಗ ಮಾಡಿ ಕಟ್ಟಿದ್ರು. ಬೆಂಗಳೂರಿಂದ ನಿಡಘಟ್ಟಕ್ಕೆ 56 ಕಿಲೋಮೀಟ್ರು, ನಿಡಘಟ್ಟದಿಂದ ಮೈಸೂರಿಗೆ 61. ಹಿಂಗಾಗಿ ನಮ್ಮೂರ ಹೆಸರು ಪೇಪರ್‌ನಲ್ಲೆಲ್ಲ ಬಂತು. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯೂ ಆಯ್ತು. ಕಾರುಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದನ್ನೂ ಮುಟ್ಟದೆ ಹೋಗ್ತವೆ. ಬಿಡದಿ ತಟ್ಟೆ ಇಡ್ಲಿಗೆ, ಮದ್ದೂರು ವಡೆಗೆ ಅಂತ ನಿಲ್ಲಿಸ್ತಿದ್ದ ಜನ ಈಗ ಮೇಲಿಂದಲೇ ದಾಟ್ತಾರೆ. ಹಳೇ ರಸ್ತೆ ಪಕ್ಕ ಹೊತ್ತಾರೆ ನಾಲ್ಕಕ್ಕೇ ಒಲೆ ಹಚ್ತಿದ್ದ ಸಣ್ಣ ಹೋಟ್ಲುಗಳು, ಅಲ್ಲಿ ಚಟ್ನಿ ರುಬ್ಬಿ ಪಾತ್ರೆ ತೊಳೆದು ಮಕ್ಕಳನ್ನ ಓದಿಸಿದ ಹೆಂಗಸ್ರು, ಇವರ ನಷ್ಟಾನ ಯಾರೂ ಲೆಕ್ಕಕ್ಕೆ ಬರೆದಿಲ್ಲ. ರೈಲು ಬೇಗ ಬಂತು ಅಂತ ಒಂದು ವಡೆ ಹುಟ್ಟಿತು. ಕಾರು ಬೇಗ ಹೋಗೋದ್ರಿಂದ ಎಷ್ಟು ಒಲೆ ಆರ್ತವೋ.

ಅತ್ಲಾಗೆ ರಾಗಿಗೆ ಮತ್ತೆ ಮರ್ಯಾದೆ ಬಂದದೆ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡ್ತು. 2024ರಿಂದ ಸರ್ಕಾರಿ ಸ್ಕೂಲಲ್ಲಿ ಹಾಲಿನ ಜೊತೆ ರಾಗಿ ಮಾಲ್ಟೂ ಕೊಡ್ತವ್ರೆ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಅದೆ, ಅಕ್ಕೀಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಒಂದು ಕಾಲದಲ್ಲಿ ಪೇಟೆ ನೆಂಟ್ರ ಮುಂದೆ ಅಂಬ್ಲಿ ಮಡಕೆ ಮುಚ್ಚಿಡ್ತಿದ್ರು. ಈಗ ಅದೇ ನೆಂಟ್ರು ಪೇಟೇಲಿ ದುಡ್ಡು ಕೊಟ್ಟು ಕುಡೀತಾರೆ.

ನನ್ನ ಮಾತು ಇಷ್ಟೇ ಕಣ್ರಮ್ಮ. ಇಡ್ಲಿ ಬಿಡಿ ಅಂತ ನಾನು ಹೇಳಾಕಿಲ್ಲ, ಮತ್ತೆ ರಾಗಿ ಬೀಸಿ ಅಂತಂತೂ ಹೇಳಾಕೇ ಇಲ್ಲ. ವಾರದಲ್ಲಿ ಎರಡು ದಿನ ಹೊತ್ತಾರೆಗೆ ಅಂಬ್ಲಿ ಇಡಿ, ಒಲೆ ಹಚ್ಚೋ ಕೆಲಸವೇ ಇಲ್ಲ, ಆ ಹೊತ್ತು ನಿಮ್ಮದು. ಮಿಕ್ಕ ದಿನ ದೋಸೆ ಹುಯ್ದಾಗ ಮೂರನೇದೋ ನಾಲ್ಕನೇದೋ ನಿಮ್ಮ ತಟ್ಟೆಗೆ ಹಾಕ್ಕೊಂಡು, ಕಾವಲಿ ಕೆಳಗೆ ಉರಿ ಸಣ್ಣ ಮಾಡಿ, ಕುಂತ್ಕೊಂಡು ಬಿಸಿಬಿಸಿ ತಿನ್ನಿ. ಉಳಿದೋರು ಐದು ನಿಮಿಷ ಕಾಯ್ತಾರೆ. ಟೀ ಆಮೇಲೆ ಕುಡೀರಿ. ಮನೇಲಿ ವಯಸ್ಸಾದ ಅವ್ವ, ಅತ್ತೆ ಇದ್ರೆ, ಅವರ ಕಾಲದಲ್ಲಿ ಹೊತ್ತಾರೆಗೆ ಏನುಣ್ತಿದ್ರು, ಯಾರು ಕೊನೇಲಿ ಉಣ್ತಿದ್ರು ಅಂತ ಇವತ್ತೇ ಕೇಳಿ. ಅದನ್ನ ಬರೆದಿಟ್ಟಿರೋ ಪುಸ್ತಕ ಇಲ್ಲ, ಅವರ ಬಾಯಲ್ಲೇ ಇರೋದು.