ನಿಲುವು ಎಲ್ಲಿ ಬರಬೇಕು? ಮಲೆಬೆನ್ನೂರಿನ ನೆಲೆಯಿಂದ ಐಇಎಲ್‌ಟಿಎಸ್ ಪ್ರಬಂಧದ ಪರಿಶೀಲನೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಬರವಣಿಗೆ ಪತ್ರಿಕೆಯ ಎರಡನೆಯ ಭಾಗದಲ್ಲಿ ಸುಮಾರು 40 ನಿಮಿಷದೊಳಗೆ ಕನಿಷ್ಠ 250 ಪದಗಳ ಪ್ರಬಂಧ ಬರೆಯಬೇಕು. ಮೌಲ್ಯಮಾಪನಕ್ಕೆ ನಾಲ್ಕು ಮಾನದಂಡಗಳಿವೆ: ಪ್ರಶ್ನೆಗೆ ಕೊಟ್ಟ ಉತ್ತರ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣ. ನಾಲ್ಕಕ್ಕೂ ಸಮಪಾಲು. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರುವುದು ಕೊನೆಯ ಎರಡಕ್ಕೆ. ಆದರೆ ಅವರ ಶಾಲಾ ಅಭ್ಯಾಸ ತೊಡಕಾಗುವುದು ಮೊದಲನೆಯದರಲ್ಲಿ ಎಂಬುದು ಇಲ್ಲಿನ ವಾದ.

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಎಸ್‌ಎಸ್‌ಎಲ್‌ಸಿ ಚೌಕಟ್ಟು ಇಲ್ಲಿಯೂ ಒದಗುತ್ತದೆ. ತೊಡಕು ಪೀಠಿಕೆಯ ಒಳಗಿದೆ. ‘ಬಳಸಿದ ನೀರಿಗೆ ತಕ್ಕಂತೆ ರೈತರು ದರ ತೆರಬೇಕು, ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂಬ ಮಾದರಿ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಶಾಲೆಯ ರೂಢಿಯಂತೆ ಬರೆದರೆ ನೀರಿನ ಮಹಿಮೆಯಲ್ಲೇ ಅರ್ಧ ಪುಟ ಮುಗಿಯುತ್ತದೆ. ಪ್ರಶ್ನೆ ಕೇಳಿದ್ದು ಮಹಿಮೆಯನ್ನಲ್ಲ. ‘ದರ ನ್ಯಾಯವೇ, ಆದರೆ ನೀರು ತಲುಪುವ ಖಾತ್ರಿಯಿಲ್ಲದ ಕಡೆ ವಸೂಲಿ ಸಲ್ಲದು’ ಎಂದು ನಿಲುವನ್ನು ಆರಂಭದಲ್ಲೇ ಹೇಳಿದರೆ ಮುಂದಿನ ಪ್ಯಾರಾಗಳಿಗೆ ಸಾಧಿಸಲು ಒಂದು ಮಾತು ಸಿಗುತ್ತದೆ.

ಸ್ವಂತ ತಿಳಿವಳಿಕೆ, ಅನುಭವಗಳಿಂದ ಉದಾಹರಣೆ ಕೊಡಿ ಎಂದು ಪ್ರಶ್ನೆಪತ್ರಿಕೆಯೇ ಸೂಚಿಸುತ್ತದೆ. ಇಂಗ್ಲಿಷ್ ಪರೀಕ್ಷೆಗೆ ಇಂಗ್ಲೆಂಡಿನ ಉದಾಹರಣೆಯೇ ಆಗಬೇಕೆಂದು ಯಾರು ಹೇಳಿದರೋ! ಮಲೆಬೆನ್ನೂರಿನ ಭತ್ತದ ಗದ್ದೆಗಳಿಗೆ ನೀರು ಬರುವುದು ದೂರದ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ. ನಾಲೆಯ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಕೊನೆಭಾಗದ ತೂಬಿಗೆ ಬರುವ ನೀರು ಕಡಿಮೆಯಾಗುತ್ತದೆ. ಬೇಸಿಗೆ ಬೆಳೆಗೆ ನೀರು ಬಿಡುವ ದಿನಗಳಲ್ಲಿ ಊರಿನಲ್ಲಿ ಇದೇ ಮಾತು. ಇಷ್ಟನ್ನು ಸರಳ ಇಂಗ್ಲಿಷಿನ ಮೂರು ವಾಕ್ಯಗಳಲ್ಲಿ ಹೇಳಿ, ‘ಆದ್ದರಿಂದ ದರಕ್ಕೆ ಮೊದಲು ತೂಬಿನಲ್ಲಿ ನೀರಿನ ಅಳತೆಯಾಗಬೇಕು’ ಎಂದು ಪ್ರಶ್ನೆಗೆ ಜೋಡಿಸಬೇಕು. ಆ ಜೋಡಣೆ ಇಲ್ಲದಿದ್ದರೆ ಅದು ಊರಿನ ಸುದ್ದಿಯಷ್ಟೇ. ಬಾಯಿಪಾಠದ ಸಿದ್ಧ ವಾಕ್ಯಗಳು ಈ ಕೆಲಸ ಮಾಡಲಾರವು. ಪರೀಕ್ಷಕರು ಅವನ್ನು ಗುರುತಿಸುತ್ತಾರೆ ಕೂಡ.

ವ್ಯಾಕರಣದ ವಿಚಾರದಲ್ಲಿ ಒಂದು ಎಚ್ಚರಿಕೆ ಸಾಕು. ‘ಹೋಗಿ, ನೋಡಿ, ತಿಳಿದು’ ಎಂದು ಕನ್ನಡದಲ್ಲಿ ಸಲೀಸಾಗಿ ಬೆಳೆಯುವ ವಾಕ್ಯವನ್ನು ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುವುದು ಮೇಲು.

ಪೀಠಿಕೆಯ ಮಾತಿಗೆ ಮರಳಿದರೆ, ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್ 2023ರ ಜುಲೈಯಲ್ಲಿ ತನ್ನ ಹಳೆಯ 30 ನಿಮಿಷದ ಸ್ವತಂತ್ರ ಪ್ರಬಂಧವನ್ನು ಕೈಬಿಟ್ಟು, ತರಗತಿಯ ಚರ್ಚೆಗೆ 10 ನಿಮಿಷದಲ್ಲಿ ಉತ್ತರಿಸುವ ಬರಹವನ್ನು ತಂದಿತು. ಅಲ್ಲಿ ಪೀಠಿಕೆಗೆ ಪುರುಸೊತ್ತೇ ಇಲ್ಲ.