ದವಾಖಾನೆಯ ಬಾಗಿಲಲ್ಲಿ ಭಾಷೆ

ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಕೂರುವ ಹುಡುಗಿಯರ ಕೈಯಲ್ಲಿರುವ ಗೈಡುಗಳನ್ನು ನಾವೊಮ್ಮೆ ತೆರೆದು ನೋಡಬೇಕು. ಪುಟಗಟ್ಟಲೆ ಪದಗಳ ಪಟ್ಟಿ. ಹೆಪಾಟಿಕ್, ರೀನಲ್, ಕಾರ್ಡಿಯಾಕ್. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದವಳಿಗೆ ಯಕೃತ್ತು ಗೊತ್ತು, ಜಿಗರ್ ಗೊತ್ತು, ಅದು ದೇಹದ ಯಾವ ಭಾಗದಲ್ಲಿದೆ, ಏನು ಕೆಲಸ ಮಾಡುತ್ತದೆ ಎಂಬುದೂ ಗೊತ್ತು. ಗೊತ್ತಿಲ್ಲದ್ದು ಹೆಪಾಟಿಕ್ ಮಾತ್ರ. ಸೀಟು ತಪ್ಪುವುದು ಅಲ್ಲಿಯೇ.

ಇದು ಇಂದಿನ ಸಂಕಟವೇನಲ್ಲ. ಈಸ್ಟ್ ಇಂಡಿಯಾ ಕಂಪೆನಿ 1822ರಲ್ಲಿ ಕಲ್ಕತ್ತೆಯಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ಎಂಬ ಶಾಲೆಯನ್ನು ತೆರೆಯಿತು. ಉದ್ದೇಶ ದೊಡ್ಡದೇನಲ್ಲ, ಸೈನ್ಯದ ಪಡೆಗಳಿಗೆ ದೇಶೀ ಸಹಾಯಕ ವೈದ್ಯರು ಬೇಕಾಗಿದ್ದರು. 20 ವಿದ್ಯಾರ್ಥಿಗಳು, ತಿಂಗಳಿಗೆ 8 ರೂಪಾಯಿ ಭತ್ಯೆ. ಸೇರಲು ಬೇಕಿದ್ದ ಅರ್ಹತೆ ಗಮನಿಸಿ: ನಾಗರಿ ಅಥವಾ ಫಾರಸಿ ಲಿಪಿಯಲ್ಲಿ ಹಿಂದುಸ್ತಾನಿಯನ್ನು ಓದಿ ಬರೆಯಲು ಬರಬೇಕು. ಇಂಗ್ಲಿಷ್ ಕೇಳಿರಲಿಲ್ಲ. ಪದಗಳನ್ನು ಕಲಿಯುವ ಹೊರೆ ವಿದ್ಯಾರ್ಥಿಗಳ ಮೇಲಲ್ಲ, ಕಲಿಸುವವರ ಮೇಲಿತ್ತು. ಶಾಲೆಯ ಮುಖ್ಯಸ್ಥ ಪೀಟರ್ ಬ್ರೆಟನ್ 1825ರಲ್ಲಿ ದೇಹದ ಅಂಗಾಂಗಗಳ ಮತ್ತು ವೈದ್ಯಕೀಯ ಪದಗಳ ಕೋಶವೊಂದನ್ನು ಹೊರತಂದ. ಇಂಗ್ಲಿಷ್, ಅರಬಿ, ಫಾರಸಿ, ಹಿಂದಿ, ಸಂಸ್ಕೃತ ಹೀಗೆ ಐದು ಭಾಷೆಗಳಲ್ಲಿ. ಅವನ ನಂತರ ಬಂದ ಜಾನ್ ಟೈಟ್ಲರ್ ಅಂಗರಚನಾಶಾಸ್ತ್ರದ ಇಂಗ್ಲಿಷ್ ಗ್ರಂಥವೊಂದನ್ನು ಅರಬಿಗೆ ತಂದ.

1835ರ ಜನವರಿಯಲ್ಲಿ ಬೆಂಟಿಂಕ್ ಈ ಶಾಲೆಯನ್ನು ಮುಚ್ಚಿಸಿ ಕಲ್ಕತ್ತಾ ಮೆಡಿಕಲ್ ಕಾಲೇಜು ಸ್ಥಾಪಿಸಿದ. ಟೈಟ್ಲರ್ ವಿರೋಧಿಸಿ ಸೋತ. ಹೊಸ ಕಾಲೇಜಿಗೆ ಇಂಗ್ಲಿಷ್ ಕಡ್ಡಾಯ. ಸುಮಾರು 100 ಹುಡುಗರು ಪ್ರವೇಶ ಪರೀಕ್ಷೆಗೆ ಬಂದರು, ಅರ್ಧದಷ್ಟು ಮಂದಿ ಆಯ್ಕೆಯಾದರು. ಬಾಗಿಲಲ್ಲಿ ನಿಂತ ಭಾಷೆ 13 ವರ್ಷಗಳಲ್ಲಿ ಬದಲಾಗಿತ್ತು. ಸೈನ್ಯದ ಅಗತ್ಯ ಮಾತ್ರ ಬದಲಾಗಿರಲಿಲ್ಲ. ಹಾಗಾಗಿ 1839ರಲ್ಲಿ ಅದೇ ಕಾಲೇಜಿನಲ್ಲಿ ಹಿಂದುಸ್ತಾನಿ ತರಗತಿಯನ್ನು ಮತ್ತೆ ತೆರೆಯಬೇಕಾಯಿತು!

ವೈದ್ಯಶಾಸ್ತ್ರದ ಪದಗಳನ್ನು ಇಂಗ್ಲಿಷಿನ ಸ್ವಂತ ಆಸ್ತಿ ಎಂದುಕೊಂಡವರೂ ಇದ್ದಾರೆ. ಮಿದುಳಿನ ಹೊರಪೊರೆಗೆ ಡ್ಯೂರಾ ಮೇಟರ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಅದರ ಅರ್ಥ ಗಟ್ಟಿ ತಾಯಿ. ಪೊರೆಗೂ ತಾಯಿಗೂ ಏನು ಸಂಬಂಧ? ಅರಬ್ ವೈದ್ಯರು ಮಿದುಳನ್ನು ಸುತ್ತಿದ ಪೊರೆಗಳನ್ನು ಉಮ್ಮ್, ಅಂದರೆ ತಾಯಿ ಎಂದು ಕರೆದಿದ್ದರು. 12ನೇ ಶತಮಾನದ ಅನುವಾದಕರು ಅದನ್ನು ಅಕ್ಷರಶಃ ಲ್ಯಾಟಿನ್‌ಗೆ ಇಳಿಸಿದರು. ಕಣ್ಣಿನ ರೆಟಿನಾ ಕೂಡ ಹಾಗೆಯೇ. ಅರಬಿಯಲ್ಲಿ ಅದು ಶಬಕಿಯ್ಯ, ಬಲೆಯಂಥದ್ದು. ಆ ಅರಬರಿಗೂ ಬಹಳಷ್ಟು ಪದಗಳು ಗ್ರೀಕರಿಂದಲೇ ಬಂದವು. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬಿಗೆ ತಂದಿದ್ದ.

ನಮಗೆ ಹತ್ತಿರದ ಪ್ರಯೋಗ ನಡೆದದ್ದು ಹೈದರಾಬಾದಿನಲ್ಲಿ. ಅಲ್ಲಿ 1846ರಲ್ಲಿ ಆರಂಭವಾದ ವೈದ್ಯಕೀಯ ಶಾಲೆ ಮೊದಲು ಕಲಿಸಿದ್ದು ಉರ್ದುವಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಅದಕ್ಕೂ ಒಂದು ವರ್ಷ ಮುಂಚೆಯೇ ಪಠ್ಯಗಳಿಗಾಗಿ ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗ ಸಿದ್ಧವಾಗಿತ್ತು. ಮೌಲ್ವಿ ಅಬ್ದುಲ್ ಹಕ್ ಅದರ ಹೊಣೆ ಹೊತ್ತಿದ್ದರು. ಪಾರಿಭಾಷಿಕ ಪದಗಳಿಗಾಗಿ ವಿದ್ವಾಂಸರು ದಿನಗಟ್ಟಲೆ ಜಗಳವಾಡುತ್ತಿದ್ದರು. ಎಲ್ಲವೂ ಅರಬಿಯಿಂದಲೇ ಬರಬೇಕೆಂದು ಕೆಲವರ ಹಟ. ಉರ್ದು ಈ ನೆಲದ ಭಾಷೆ, ಇಲ್ಲಿನ ಪ್ರತ್ಯಯಗಳಿಂದಲೇ ಪದ ಕಟ್ಟಬಹುದು ಎಂದು ವಹೀದುದ್ದೀನ್ ಸಲೀಂ 1921ರಲ್ಲಿ ಒಂದು ಗ್ರಂಥವನ್ನೇ ಬರೆದರು. 1920ರ ದಶಕದಲ್ಲಿ ವೈದ್ಯಕೀಯ ಶಾಲೆ ಕಾಲೇಜಾಗಿ ಉಸ್ಮಾನಿಯಾದ ತೆಕ್ಕೆಗೆ ಬಂತು. ಆಧುನಿಕ ವೈದ್ಯಶಾಸ್ತ್ರವನ್ನು ಭಾರತೀಯ ಭಾಷೆಯಲ್ಲಿ ಕಲಿಸಲಾಗದು ಎಂಬ ಮಾತಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ನಮಗೆ ಕಾಣುವುದಿಲ್ಲ.

ಆದರೆ ಹೆಮ್ಮೆಪಡುವ ಭರದಲ್ಲಿ ನಾವು ಮರೆಯುವುದೊಂದಿದೆ. ನಿಜಾಮರ ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ರಾಯಚೂರಿನ ಅಥವಾ ಬೀದರಿನ ಕನ್ನಡದ ಹುಡುಗನಿಗೆ ಉರ್ದು ಕೂಡ ಹೊರಗಿನಿಂದ ಕಲಿಯಬೇಕಾದ ಭಾಷೆಯೇ. ಇಂದು ಹೆಪಾಟಿಕ್ ಮಾಡುವ ಕೆಲಸವನ್ನು ಅಂದು ಅವನ ಪಾಲಿಗೆ ಜಿಗರ್ ಮಾಡಿತ್ತು. ಉರ್ದುವಿಗೆ ಆದದ್ದನ್ನು ಅನ್ಯಾಯ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿದ ನಂತರ ಉಸ್ಮಾನಿಯಾಕ್ಕೆ ಇಂಗ್ಲಿಷ್ ಬಂತು. 1956ರಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ದಾರುಲ್ ತರ್ಜುಮಾದ ಪದಗಳು ಗ್ರಂಥಾಲಯ ಸೇರಿದವು. ಇತ್ತ ಕನ್ನಡದಲ್ಲಿ ಡಾ. ಡಿ.ಎಸ್. ಶಿವಪ್ಪನವರಂಥವರು ವೈದ್ಯಕೀಯ ಪದಗಳ ಹುಟ್ಟನ್ನು ಬಿಡಿಸಿ ಬರೆದರು. ಬೇರು ಪದ ಗೊತ್ತಾದರೆ ಗೈಡಿನ ಪಟ್ಟಿಯ ಭಯ ಅರ್ಧ ಇಳಿಯುತ್ತದೆ, ಆದರೆ ಆ ದಾರಿಯನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುವವರು ಕಡಿಮೆ.

ಪರೀಕ್ಷೆ ಪಾಸಾದ ಹುಡುಗಿ ವಾರ್ಡಿಗೆ ಬಂದಾಗ ಇನ್ನೊಂದು ಪದಕೋಶ ಎದುರಾಗುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಗರಿಗೆ ಆಸ್ಪತ್ರೆ ಇಂದಿಗೂ ದವಾಖಾನೆಯೇ. "ಜುಲಾಬ ಹತ್ಯಾವ್ರೀ ಸಿಸ್ಟರ್" ಎನ್ನುತ್ತಾಳೆ ಅಜ್ಜಿ. ಜುಲಾಬು ಎಂದರೆ ಮೂಲದಲ್ಲಿ ಫಾರಸಿಯ ಗುಲಾಬ್, ಗುಲಾಬಿ ನೀರು; ಅರಬರ ಔಷಧದಂಗಡಿಯ ಮೂಲಕ ಹಾದು, ಭೇದಿಯ ಔಷಧಕ್ಕೆ ಹೆಸರಾಗಿ, ಕೊನೆಗೆ ಭೇದಿಗೇ ಹೆಸರಾಯಿತು. ಸಿಸ್ಟರ್ ಕೇಸ್ ಶೀಟಿನಲ್ಲಿ ಡಯೇರಿಯಾ ಎಂದು ಬರೆಯುತ್ತಾಳೆ. ಅದು ಗ್ರೀಕ್.